ಕಾಗದದ ವಯಸ್ಸು, ಮೊಣಕಾಲಿನ ವಯಸ್ಸು

ನಾಟಿಯ ಮಡಿಗೆ ಇಳಿದರೆ ಸಾಲನ್ನು ಎಳೆದ ನೂಲಿನಂತೆ ನೆಟ್ಟಗೆ ನಡೆಸುವವಳು. ಬಗ್ಗಿಸಿದ ಬೆನ್ನನ್ನು ಬದು ಮುಟ್ಟುವ ಮುನ್ನ ಎತ್ತದವಳು. ಹಸುಗೂಸಿನ ತಾಯಿ ಜೊತೆಗಿದ್ದರೆ ಆಕೆಯ ಪಾಲಿನ ಸಸಿಯನ್ನೂ ತಾನೇ ಊರಿ ಮುಗಿಸಿ, ಅದನ್ನು ಎಲ್ಲಿಯೂ ಆಡಿ ತೋರಿಸದವಳು. ಕಾಲು ಕೆಸರಿನಲ್ಲಿ ಹೂತಿದ್ದರೂ ನಾಲಿಗೆಗೆ ಕೆಸರು ಸೋಂಕಗೊಡದವಳು. ಶನಿವಾರ ಹನುಮಂತದೇವರಿಗೂ ಗುರುವಾರ ಫಕೀರನ ಗದ್ದುಗೆಗೂ ಒಂದೇ ಭಕ್ತಿಯಿಂದ ಊದುಬತ್ತಿ ಹಚ್ಚುವವಳು. ಗದ್ದೆಯ ಧಣಿಯ ಎದುರು ದನಿ ತಗ್ಗಿಸದೆ, ಸೊಸೆಯ ಎದುರು ದನಿ ಏರಿಸದೆ ಬಾಳಿದವಳು. ಹಾಸಿಗೆ ಹಿಡಿದ ಗಂಡನ ಮಲಮೂತ್ರವನ್ನು ಐದು ವರ್ಷ ಮೂಗಿಗೆ ಸೆರಗು ಹಿಡಿಯದೆ ಬಳಿದವಳು. ಬಾಳಿನಲ್ಲಿ ಒಂದೇ ಒಂದು ಸುಳ್ಳಿಗೆ, ಅದೂ ಹತ್ತು ಮಂದಿಯ ಸಂಗಡ ತಲೆಯಾಡಿಸಿ, ಅದರ ದಂಡವನ್ನು ತನ್ನ ಎರಡು ಮೊಣಕಾಲುಗಳಿಂದ ತೆತ್ತವಳು. ಇಂಥವಳು ನವಲಿಯ ಫಕೀರಮ್ಮ.

ಆಕೆಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಹಾಲು ಬಿಡುವ ಮುನ್ನವೇ ತೀರಿದ್ದರಿಂದ, ತಾಯಿ ಊರ ಹೊರಗಿನ ಫಕೀರನ ಗದ್ದುಗೆಗೆ ಹರಕೆ ಹೊತ್ತು, ಉಳಿದ ಮಗಳಿಗೆ ಆ ಹೆಸರನ್ನೇ ಇಟ್ಟಳು. ಹುಟ್ಟಿದ ದಿನವನ್ನು ಬರೆದಿಡುವ ರೂಢಿ ಆ ಮನೆಯಲ್ಲಿರಲಿಲ್ಲ. ಆದರೆ ವರ್ಷವನ್ನು ಮರೆಯುವ ರೂಢಿಯೂ ಇರಲಿಲ್ಲ. ‘ಡ್ಯಾಮಿನ ಗೇಟ್ ಇಳಿಸಿದ ಮಳಿಗಾಲದಾಗ ಹುಟ್ಟಿದಾಕಿ’ ಎಂದು ತಾಯಿ ಹೇಳುತ್ತಿದ್ದಳು. ಅಂದರೆ ಸಾವಿರದ ಒಂಬೈನೂರ ಐವತ್ತಮೂರು. ಯಾವ ಕಚೇರಿಯ ಮುದ್ರೆಯೂ ಇಲ್ಲದ ಆ ಲೆಕ್ಕ ಸರಿಯಾಗಿತ್ತು. ಮುದ್ರೆಯೊತ್ತಿ ಬಂದ ಲೆಕ್ಕವೇ ಮುಂದೆ ಸುಳ್ಳಾಯಿತು.

ಕಾಲುವೆಯ ನೀರು ಬರುವ ಆ ಸೀಮೆಯಲ್ಲಿ ನಾಟಿಯೆಂಬುದು ಒಬ್ಬೊಬ್ಬರ ಕೆಲಸವಲ್ಲ. ಫಕೀರಮ್ಮನ ಗುಂಪಿನಲ್ಲಿ ಹನ್ನೊಂದು ಹೆಂಗಸರಿದ್ದರು. ಹನ್ನೊಂದು ಮಂದಿ ಒಂದೇ ಸಾಲಿನಲ್ಲಿ ಬಗ್ಗಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಸಸಿ ಊರುತ್ತ ಬರಬೇಕು. ಹಿಂಗಾಲು ಬದುವಿಗೆ ತಾಗುವ ತನಕ ಯಾರೂ ಒಬ್ಬಳೇ ಬೆನ್ನೆತ್ತಿ ನಿಲ್ಲುವಂತಿಲ್ಲ. ಒಬ್ಬಳು ಎದ್ದರೆ ಸಾಲು ಮುರಿಯುತ್ತದೆ, ಸಾಲು ಮುರಿದರೆ ಮಡಿ ಕೆಡುತ್ತದೆ. ಆ ನೇಮವನ್ನು ಬರೆದವರಿಲ್ಲ, ಮುರಿದವರೂ ಇಲ್ಲ.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ, ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ತಾನೇ ಒಂದು ಜಿಲ್ಲೆಯಾದ ಮಳೆಗಾಲದಲ್ಲಿ, ನಲವತ್ತನಾಲ್ಕರ ಫಕೀರಮ್ಮನ ಬಲ ಮೊಣಕಾಲು ಮೊದಲ ಸಲ ಕೆಸರಿನೊಳಗೆ ಕಚ್ಚಿಕೊಂಡಿತು. ಆಕೆ ತುಟಿ ಕಚ್ಚಿ ಸಾಲು ಮುಗಿಸಿದಳು. ಏಳು ವರ್ಷ ಹಾಗೆಯೇ ಮುಗಿಸಿದಳು. ಎರಡು ಸಾವಿರದ ನಾಲ್ಕರಲ್ಲಿ ಮೊಣಕಾಲು ಕುಂಬಳಕಾಯಿಯಂತೆ ಊದಿದಾಗ ಗಂಡ ಮಾರೆಪ್ಪ ಗಂಗಾವತಿಯ ಒಬ್ಬ ಮೂಳೆವೈದ್ಯರಲ್ಲಿಗೆ ಕರೆದೊಯ್ದ. ವೈದ್ಯರು ಸಜ್ಜನರು. ಚಿತ್ರ ತೆಗೆಸಿ ನೋಡಿ, ಸಮಾಧಾನದಿಂದ ತಿಳಿಸಿದರು.

“ಕೀಲು ಬದಲಿಸೋ ಆಪರೇಶನ್ ಐತಿ ತಾಯಿ. ಆದರ ನಿಮಗ ಈಗ ಐವತ್ತೊಂದು. ಹಾಕಿದ ಕೀಲು ಹದಿನೈದು, ಇಪ್ಪತ್ತು ವರ್ಷ ಬಾಳಿಕಿ ಬರತೈತಿ. ಈಗ ಹಾಕಿದರ ಎಪ್ಪತ್ತರ ಹೊತ್ತಿಗೆ ಸವೆದು, ಮತ್ತ ಬಿಚ್ಚಿ ಇನ್ನೊಂದು ಕೂಡಿಸಬೇಕಾದೀತು. ಎರಡನೇ ಸಲದ್ದು ಮೊದಲಿನಷ್ಟು ಸಲೀಸಲ್ಲ.”

“ಎತ್ತಿನ ಲಾಳ ಇದ್ದಂಗೇನ್ರಿ ಹಂಗಾರ? ಸವದ್ರ ಬದಲಸೂದು?” ಎಂದಳು ಫಕೀರಮ್ಮ.

“ಹಂಗ ತಿಳಕೊಳ್ರಿ. ನಿಮ್ಮ ಕೀಲು ಇನ್ನೂ ಪೂರಾ ಸವೆದಿಲ್ಲ. ತೊಡೆ ಗಟ್ಟಿ ಆಗೋ ವ್ಯಾಯಾಮ ಹೇಳಿಕೊಡತೀನಿ. ಅರವತ್ತರ ಆಸುಪಾಸು ಬರ್ರಿ. ತಡಕೊಳ್ಳಾಕ ಆಗಲಿಲ್ಲಂದ್ರ ಮೊದಲ ಬರ್ರಿ.”

ಫಕೀರಮ್ಮ ಆ ಮಾತನ್ನು ವ್ರತದಂತೆ ಹಿಡಿದಳು. ಗೋಡೆಗೊರಗಿ ಕುಳಿತು ಕಾಲು ನೀಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಬೆಳಗಿನ ಪೂಜೆಯ ಮುಂಚೆ ಮಾಡಿದಳು. ಮಾರೆಪ್ಪ ನಗುತ್ತಿದ್ದ: “ನನ್ನ ಹೇಣತಿ ಅರವತ್ತಾಗಲಿ ಅಂತ ದೇವ್ರಿಗೆ ಕೈ ಮುಗೀತಾಳ. ಜಗತ್ತಿನಾಗ ಇಂಥಾಕಿ ಇಕಿ ಒಬ್ಬಾಕಿನ ನೋಡು.”

ಇಲ್ಲಿಗೆ ಒಳ್ಳೆಯವರ ಮಾತು ಸದ್ಯಕ್ಕೆ ಮುಗಿಯಿತು. ಮುಂದಿನದನ್ನು ಬರೆಯಲು ಲೇಖನಿ ಹೇಸುತ್ತದೆ.

ಎರಡು ಸಾವಿರದ ಏಳರಲ್ಲಿ ಅರವತ್ತೈದು ತುಂಬಿದ ಬಡವೃದ್ಧರಿಗೆ ಮಾಸಾಶನ ಕೊಡುವ ಯೋಜನೆ ಬಂದಿತು. ಯೋಜನೆ ಒಳ್ಳೆಯದು, ಅದರ ಬಾಗಿಲಲ್ಲಿ ನಿಂತವನು ಒಳ್ಳೆಯವನಲ್ಲ. ಹನುಮೇಶನೆಂಬಾತ, ಯಾವ ಕಚೇರಿಯ ನೌಕರನೂ ಅಲ್ಲದೆ ಎಲ್ಲ ಕಚೇರಿಗಳ ಮೆಟ್ಟಿಲ ಮೇಲೂ ಕಾಣಿಸಿಕೊಳ್ಳುವ, ಮೂವತ್ತಕ್ಕೇ ತಲೆ ಬೋಳಾದ, ಎರಡು ಕೈಗೂ ಉಂಗುರವಿದ್ದ ಆಸಾಮಿ, ನಾಟಿಯ ಗುಂಪು ಊಟಕ್ಕೆ ಕುಳಿತಿದ್ದ ಬೇವಿನ ಮರದ ಕೆಳಗೆ ಬಂದು ಹನ್ನೊಂದು ಮಂದಿಯನ್ನೂ ಸಾಲಾಗಿ ನಿಲ್ಲಿಸಿದ.

“ಯವ್ವಾ, ನಿನ್ನ ವಯಸ್ಸೆಷ್ಟು?” ಎಂದು ಫಕೀರಮ್ಮನನ್ನು ಕೇಳಿದ.

“ಗೇಟ್ ಇಳಿಸಿದ ವರ್ಷ ಹುಟ್ಟೀನಿ. ಐವತ್ತನಾಲ್ಕು.”

“ಅದು ನಡಿಯಂಗಿಲ್ಲ. ಸರ್ಕಾರಕ್ಕ ಅರವತ್ತೈದು ಬೇಕು. ನಿನ್ನ ತಲಿ ನೋಡು, ಕಬ್ಬು ಹೂವು ಬಿಟ್ಟಂಗ ಬೆಳ್ಳಗ ಆಗೇತಿ.”

“ತಲಿ ನೋಡಿ ಬರೀತಿಯೇನು? ನಿನ್ನ ತಲ್ಯಾಗ ಕೂದಲ ಇಲ್ಲ. ನಿನಗೆಷ್ಟು ಬರೀಬೇಕಪಾ?”

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಹನುಮೇಶನೂ ನಕ್ಕ. ನಗುತ್ತಲೇ, ನಲವತ್ತೆಂಟರ ರಾಜಾಬೀಯಿಂದ ಹಿಡಿದು ಅರವತ್ತೆಂಟರ ಮುದುಕಮ್ಮನವರೆಗೆ, ಅಲ್ಲಿದ್ದವರೆಲ್ಲರಿಗೂ ಅರವತ್ತೈದೆಂದು ಬರೆದುಕೊಂಡ. ಹುಟ್ಟಿದ ದಿನದ ಜಾಗದಲ್ಲಿ ಹನ್ನೊಂದು ಸಲವೂ ಸಾವಿರದ ಒಂಬೈನೂರ ನಲವತ್ತೆರಡರ ಜನವರಿ ಒಂದು. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಬಸಿರುಗಳಲ್ಲಿ ಹುಟ್ಟಿದ ಹನ್ನೊಂದು ಹೆಂಗಸರು ಒಬ್ಬ ದಲ್ಲಾಳಿಯ ಸೋಮಾರಿತನದಿಂದ ಒಂದೇ ದಿನ ಹುಟ್ಟಿದವರಾದರು. ಫಕೀರಮ್ಮನ ಬಾಯಿಗೆ ‘ಬ್ಯಾಡ’ ಎಂಬ ಮಾತು ಬಂದಿತ್ತು. ಎಡಬಲಕ್ಕೆ ನೋಡಿದಳು; ಹತ್ತು ಮಂದಿಯೂ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಳ್ಳುತ್ತಿದ್ದರು. ತಾನೊಬ್ಬಳೇ ಬೆನ್ನೆತ್ತುವುದು ಆಕೆಗೆ ಗೊತ್ತಿರಲಿಲ್ಲ. ಆಕೆಯೂ ಹೆಬ್ಬೆಟ್ಟೊತ್ತಿದಳು. ತಪ್ಪು ತಪ್ಪೇ, ಅದನ್ನು ಇಲ್ಲಿ ಮರೆಮಾಡಲಾಗದು. ಮುಂದೆ ಆಧಾರ್ ಕಾರ್ಡು ಬಂದಾಗ ಅದೇ ಸುಳ್ಳನ್ನು ನೋಡಿ ನಕಲು ಮಾಡಲಾಯಿತು, ಅಲ್ಲಿಗೆ ಅದು ಸತ್ಯಕ್ಕಿಂತ ಗಟ್ಟಿಯಾಯಿತು.

ಎರಡು ಸಾವಿರದ ಹದಿಮೂರರಲ್ಲಿ ಆಕೆಗೆ ನಿಜವಾಗಿ ಅರವತ್ತು ತುಂಬಿತು. ವೈದ್ಯರ ಮಾತು ನೆನಪಿತ್ತು. ಆದರೆ ಅದೇ ವರ್ಷ ಮಾರೆಪ್ಪನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ಐದು ವರ್ಷ ಆಕೆ ಅವನನ್ನು ಎತ್ತಿದಳು, ಇಳಿಸಿದಳು, ತೊಳೆದಳು. ಎತ್ತುವಾಗಲೆಲ್ಲ ಮೊಣಕಾಲಿನ ಒಳಗೆ ಮೂಳೆಗೆ ಮೂಳೆ ಉಜ್ಜುವ ಸದ್ದು ಪಕ್ಕದವರಿಗೂ ಕೇಳುತ್ತಿತ್ತು. ಎರಡು ಸಾವಿರದ ಹದಿನೆಂಟರಲ್ಲಿ ಮಾರೆಪ್ಪ ತೀರಿಕೊಂಡ. ಆ ಹೊತ್ತಿಗೆ ಫಕೀರಮ್ಮನ ಎರಡು ಕಾಲುಗಳೂ ಹೊರಕ್ಕೆ ಬಾಗಿ, ನಡುವೆ ಒಂದು ಕೊಡ ತೂರುವಷ್ಟು ಸಂದಾಗಿತ್ತು.

ಮರುವರ್ಷ ಗಂಗಾವತಿಯ ಒಂದು ಕಲ್ಯಾಣಮಂಟಪದಲ್ಲಿ ದೂರದೂರಿನ ಯಾವುದೋ ಖಾಸಗಿ ಆಸ್ಪತ್ರೆಯವರು ಮೊಣಕಾಲಿನ ಉಚಿತ ಶಿಬಿರ ನಡೆಸಿದರು. ಮಗ ಗಾಳೇಶ ತಾಯಿಯನ್ನು ಮೋಟಾರುಸೈಕಲ್ಲಿನ ಮೇಲೆ ಕೂಡಿಸಿಕೊಂಡು ಹೋದ. ಬಾಗಿಲಲ್ಲಿ ಕೊರಳಿಗೆ ಬಿಲ್ಲೆ ತೂಗುಹಾಕಿಕೊಂಡು, ಬಿಳಿಯ ಬೂಟು ತೊಟ್ಟು ಕುಳಿತಿದ್ದವನು ಹನುಮೇಶ. ವೃದ್ಧಾಪ್ಯವನ್ನು ಹಂಚುತ್ತಿದ್ದವನು ಈಗ ಮೊಣಕಾಲುಗಳನ್ನು ಆರಿಸುತ್ತಿದ್ದ. ಕಾರ್ಡು ನೋಡಿ, ಎಪ್ಪತ್ತೈದು ದಾಟಿದವರನ್ನು ಒಂದು ಕಡೆಗೆ, ಐವತ್ತೈದು ತುಂಬದವರನ್ನು ಇನ್ನೊಂದು ಕಡೆಗೆ ಸರಿಸಿ, ನಡುವಿನವರನ್ನು ಮಾತ್ರ ಒಳಗೆ ಬಿಡುತ್ತಿದ್ದ. ಹಾಗೆಂದು ಯಾವ ವೈದ್ಯಗ್ರಂಥದಲ್ಲಿಯೂ ಇಲ್ಲ. ತೊಡಕಿಲ್ಲದ ದೇಹಗಳು ಬೇಗ ಮನೆಗೆ ಹೋಗುತ್ತವೆ, ಹೆಚ್ಚು ಹಾಸಿಗೆ ತೆರವಾಗುತ್ತವೆ ಎಂಬ ಹೇಸಿಗೆಯ ಲೆಕ್ಕಕ್ಕೆ ಅವನೊಂದು ಜರಡಿ. ದನದ ಸಂತೆಯ ದಲ್ಲಾಳಿಯಾದರೂ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಇವನು ಅದನ್ನೂ ಮಾಡಲಿಲ್ಲ.

“ಅಜ್ಜೀ, ನಿನಗ ಎಪ್ಪತ್ತೇಳು. ಆಗಂಗಿಲ್ಲ. ಆ ಕಡೆ ಕೂಡು, ಉಪ್ಪಿಟ್ಟು ಕೊಡತಾರ.”

“ಉಪ್ಪಿಟ್ಟು ತಿನ್ನಾಕ ಬಂದಿಲ್ಲಪಾ ನಾನು. ಡಾಕ್ಟರು ನನ್ನ ಕಾಲು ನೋಡ್ಲಿ.”

“ಕಾಲಿನಾಗ ನೋಡೂದೇನೈತಿ? ಕಾರ್ಡು ನೋಡಿದ್ರ ಕಾಲು ನೋಡಿದಂಗ.”

“ಹನುಮೇಶ, ಮಾರಿ ಎತ್ತಿ ನೋಡು. ಬೇವಿನ ಗಿಡದ ಕೆಳಗ ನನಗ ಅರವತ್ತೈದು ಬರದಾವ ನೀನ. ನನಗ ಈಗ ಅರವತ್ತಾರು.”

ಹನುಮೇಶ ಅತ್ತಿತ್ತ ನೋಡಿ, ಕುರ್ಚಿಯನ್ನು ಹತ್ತಿರಕ್ಕೆಳೆದು, ಎಲೆಯಡಿಕೆಯ ಉಸಿರು ಮುಖಕ್ಕೆ ತಾಗುವಷ್ಟು ಬಗ್ಗಿ ಹೇಳಿದ: “ಯಮ್ಮಾ, ಬಾಯಿ ಸಣ್ಣದು ಮಾಡು. ಈಗ ಅರವತ್ತಾರಾದ್ರ ಅವತ್ತು ಐವತ್ತನಾಲ್ಕು. ಇಷ್ಟು ವರ್ಷ ಪೆನ್ಶನ್ ಹೆಂಗ ತಿಂದಿ ಅಂತ ಕೇಳತಾರ. ನಿನ್ನೊಬ್ಬಾಕೀನ ಅಲ್ಲ, ಒಂದ ದಿನ ಹುಟ್ಟಿದಾವ್ರು ಎಲ್ಲಾರನೂ ಕೇಳತಾರ. ಯಾವುದು ಬೇಕು ನಿನಗ? ಕಾಲೋ, ನಿನ್ನ ಗೆಳತ್ಯಾರೋ?”

ಫಕೀರಮ್ಮ ಗೋಡೆ ಹಿಡಿದು ಹೊರಗೆ ಬಂದು, “ನಡಿ ಗಾಳೇಶ” ಎಂದಳು.

ಊರಿನಲ್ಲಿ ಅನಂತರ ಕೇಳಿಬಂದದ್ದು ಒಂದೇ ಸೊಲ್ಲು: ಈ ವಯಸ್ಸಿನಲ್ಲಿ! ನೆರೆಯವರು, ಬೀಗರು, ಕಟ್ಟೆಯ ಮೇಲೆ ಕುಳಿತವರು ಎಲ್ಲರೂ ಅದನ್ನೇ ಅಂದರು. ಹಾಲು ಮಾರುವ ಅಲ್ಲಾಸಾಬನೊಬ್ಬ ಮಾತ್ರ, “ನೋಯೂ ಕಾಲಿಗೆ ಯಾಕ ವಯಸ್ಸು ಕೇಳತೀರಿ?” ಎಂದು ಕೇಳಿ ನಗೆಗೀಡಾದ. ಹೆತ್ತ ಮಗನೂ, “ಇನ್ನೆಷ್ಟು ದಿನ ನಡೀಬೇಕಾಗೇತಿ ಯವ್ವಾ, ಕುಂತ್ಕೊಂಡ ಉಣ್ಣು” ಎಂದ. ಪ್ರೀತಿಯಿಂದಲೇ ಅಂದ; ಆ ಪ್ರೀತಿಯೂ ಅಸಹ್ಯವೇ. ಬದುಕಿರುವವಳನ್ನು ಮೂಲೆಯ ಮೂಟೆಯಾಗಿ ಎಣಿಸುವ ಅಕ್ಕರೆಗಿಂತ ಬೈಗುಳವೇ ಲೇಸು. ಅವನೇ ತಾವರಗೇರಾದ ಸಂತೆಯಲ್ಲಿ ಎಣ್ಣೆ ಮಾರುವವನೊಬ್ಬನಿಂದ ಕರಿಯ ಲೇಪವೊಂದನ್ನು ತಂದು ಕಟ್ಟಿದ. ಮೂರು ದಿನಕ್ಕೆ ಚರ್ಮ ಬೊಬ್ಬೆಯೆದ್ದು, ಒಡೆದು, ಕೀವು ಸುರಿದು, ನೊಣ ಮುತ್ತುವಂತಾಯಿತು.

ಇದಕ್ಕಿಂತ ಕೀಳಾದದ್ದು ಇನ್ನೂ ಇತ್ತು. ಮನೆಯ ಹಿತ್ತಿಲಿನ ಪಾಯಿಖಾನೆ ಕುಕ್ಕುರುಗಾಲಿನಲ್ಲಿ ಕೂಡುವಂಥದ್ದು. ಫಕೀರಮ್ಮನ ಮೊಣಕಾಲು ಮಡಚುತ್ತಿರಲಿಲ್ಲ. ಸೊಸೆ ಸುರೇಖಾ ಕಂಕುಳಲ್ಲಿ ಕೈಯಿಟ್ಟು ಹಿಡಿದು ನಿಲ್ಲಬೇಕಾಗಿತ್ತು. ಒಂದು ಮುಂಜಾನೆ ಸೊಸೆ ಬರುವುದು ತಡವಾಗಿ, ತಾನೇ ಹೋದ ಫಕೀರಮ್ಮ ಜಾರಿ, ಹೊಲಸಿನ ನಡುವೆ ಬಿದ್ದು, ಏಳಲಾರದೆ, ಕೂಗಲು ನಾಚಿ, ಬಹಳ ಹೊತ್ತು ಹಾಗೆಯೇ ಬಿದ್ದಿದ್ದಳು. ಸುರೇಖಾ ಬಂದು ಎತ್ತಿ ತೊಳೆದಳು. ಅಂದಿನಿಂದ ಫಕೀರಮ್ಮ ಎರಡು ಹೊತ್ತಿನ ರೊಟ್ಟಿಯಲ್ಲಿ ಒಂದನ್ನು ಬಿಟ್ಟಳು. ನೀರನ್ನೂ ಅಳೆದು ಕುಡಿದಳು.

ಹದಿನೈದು ದಿನಕ್ಕೆ ಅದು ಸೊಸೆಯ ಕಣ್ಣಿಗೆ ಬಿದ್ದಿತು.

“ಅತ್ತಿ, ರೊಟ್ಟಿ ಯಾಕ ಹಂಗ ಉಳದೈತಿ?”

“ಹಸಿವಿಲ್ಲವಾ.”

“ಸುಳ್ಳು ಹೇಳಬ್ಯಾಡ. ಒಳಗ ಹೋದ್ರ ಹೊರಗ ಬರತೈತಿ ಅಂತ ಬಿಟ್ಟೀಯಲ್ಲ?”

ಸುರೇಖಾ ತಟ್ಟೆಯನ್ನು ಮುಂದಕ್ಕೆ ನೂಕಿದಳು. “ಉಣ್ಣು ಮೊದಲ. ನಾಳಿ ಕೊಪ್ಪಳಕ್ಕ ಹೋಗೂಣು. ದೊಡ್ಡ ದವಾಖಾನ್ಯಾಗ ತೋರಿಸೂಣು. ನಿನ್ನ ಸಲುವಾಗಿ ಅಲ್ಲ, ತಿಳಕೋ. ನಿನ್ನ ಎತ್ತಿ ಎತ್ತಿ ನನ್ನ ನಡಾನ ಹೋಗೇತಿ.”

“ನಿನಗ ಇನ್ನೂ ನಲವತ್ತಾಗಿಲ್ಲ. ನಡಾ ಬದಲಸಾಕ ಭಾಳ ಸಣ್ಣಾಕಿ ನೀನು” ಎಂದಳು ಫಕೀರಮ್ಮ. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಇಬ್ಬರೂ ನಕ್ಕರು.

ಕೊಪ್ಪಳದ ಸರ್ಕಾರಿ ಆಸ್ಪತ್ರೆಯಲ್ಲಿ ಅವರನ್ನು ನೋಡಿದವರು ಗೋವಿಂದರಾಜ ಎಂಬ ಶಸ್ತ್ರವೈದ್ಯರು. ಸುರೇಖಾ ನೀಡಿದ ಕಾರ್ಡನ್ನು ಒಮ್ಮೆ ನೋಡಿ, ಮೇಜಿನ ಮೇಲೆ ಬೋರಲಾಗಿ ಇಟ್ಟು, “ಕಾಗದ ಕುಂದರಲಿ, ನೀವು ಏಳ್ರಿ” ಎಂದರು. ಕೈಯೂರದೆ ಕುರ್ಚಿಯಿಂದ ಏಳಿಸಿದರು. ನಡೆಸಿದರು. ತೊಡೆಯ ಸ್ನಾಯುವನ್ನು ಒತ್ತಿ ನೋಡಿದರು. ಎದೆಯ ಬಡಿತದ ಪಟ ತೆಗೆಸಿದರು. ಸಕ್ಕರೆ, ಮೂತ್ರ, ನೆತ್ತರು ಎಲ್ಲವನ್ನೂ ಪರೀಕ್ಷಿಸಿದರು. ಬಾಯಿ ತೆರೆಸಿದಾಗ ಒಳಗಿಂದ ಬಂದ ನಾತಕ್ಕೆ ಸುರೇಖಾ ಮುಖ ತಿರುಗಿಸಿದಳು, ವೈದ್ಯರು ತಿರುಗಿಸಲಿಲ್ಲ. ಎರಡು ದವಡೆಹಲ್ಲುಗಳ ಬುಡದಲ್ಲಿ ಕೀವಿತ್ತು.

“ಮೊದಲು ಈ ಹಲ್ಲು ಕೀಳಸ್ರಿ. ಕಾಲಿನ ಮ್ಯಾಲಿನ ಹುಣ್ಣು ಪೂರಾ ಮಾಯಬೇಕು. ಎಲ್ಲೇ ಕೀವಿದ್ದರೂ ಅದು ಹೊಸ ಕೀಲಿಗೆ ಹೋಗಿ ಕೂಡತೈತಿ. ಉಳಿದಂಗ ಎದಿ ಛಲೋ ಐತಿ, ಸಕ್ಕರಿ ಇಲ್ಲ. ಆಪರೇಶನ್ ಮಾಡಬಹುದು.”

ಸುರೇಖಾಗೆ ನಂಬಿಕೆಯಾಗಲಿಲ್ಲ. “ಎಪ್ಪತ್ತೇಳಕ್ಕ ಮಾಡಂಗಿಲ್ಲ ಅಂತ ಅಂದ್ರಲ್ರಿ ಗಂಗಾವತ್ಯಾಗ?”

“ಯಾವ ಡಾಕ್ಟರ್ ಅಂದ್ರು?”

“ಡಾಕ್ಟರ್ ಅಲ್ರಿ. ಬಾಗಿಲದಾಗ ಕುಂತಾಂವ.”

ಗೋವಿಂದರಾಜರ ಮುಖ ಕಹಿಯಾಯಿತು. “ಎಂಬತ್ತು ದಾಟಿದವರಿಗೂ ನಾ ಮಾಡೇನಿ. ಅರವತ್ತರಾಗ ಎದಿ ಸರಿ ಇಲ್ಲದವರಿಗೆ ಬ್ಯಾಡ ಅಂದೇನಿ. ವಯಸ್ಸು ಕೇಳಬೇಕು ಖರೆ. ಸಣ್ಣ ವಯಸ್ಸಿನವರಿಗೆ ಕೀಲು ಮತ್ತ ಸವೆದೀತಂತ ತಡೀತೀವಿ. ದೊಡ್ಡವರಿಗೆ ದೇಹ ತಡಕೊಂಡೀತಾ ಅಂತ ನೋಡತೀವಿ. ಆದರ ತಡಾ ಮಾಡಿದಷ್ಟೂ ತೊಡಿ ಸೊರಗತೈತಿ, ಆಮ್ಯಾಲ ಹೊಸ ಕೀಲು ಹಾಕಿದರೂ ಎದ್ದು ನಿಲ್ಲೂ ಕಸುವು ಇರಂಗಿಲ್ಲ. ಇವರ ತೊಡಿ ಮಾತ್ರ ಎಪ್ಪತ್ತೇಳರ ತೊಡಿ ಅಲ್ಲ.” ಅನಂತರ ಫಕೀರಮ್ಮನ ಕಡೆಗೆ ತಿರುಗಿ, “ಅಮ್ಮಾ, ನಿಮ್ಮ ನಿಜದ ವಯಸ್ಸು ಹೇಳ್ರಿ. ಅರವಳಿಕೆ ಕೊಡೂ ಡಾಕ್ಟರಿಗೆ ಅದು ಬೇಕು. ಈ ಕೀಲು ಇನ್ನೆಷ್ಟು ವರ್ಷ ನಿಮ್ಮನ್ನ ಹೊರಬೇಕು ಅನ್ನೂದು ನನಗ ಗೊತ್ತಿರಬೇಕು. ಎಪ್ಪತ್ತೇಳಿದ್ದರೂ ಮಾಡತೀನಿ, ಅರವತ್ತೇಳಿದ್ದರೂ ಮಾಡತೀನಿ. ಸುಳ್ಳು ವಯಸ್ಸಿನ ಮ್ಯಾಲೆ ಮಾತ್ರ ಕತ್ತಿ ಆಡಸಂಗಿಲ್ಲ. ನೀವು ಹೇಳಿದ್ದನ್ನ ಬರೀತೀನಿ. ಬರೆದದ್ದು ಆಪರೇಶನ್ ಖರ್ಚು ಕೊಡೂ ಸರ್ಕಾರದ ಮಂಜೂರಿ ಆಫೀಸಿಗೆ ಹೋಗತೈತಿ. ಅದನ್ನ ಮುಚ್ಚಾಕ ನನ್ನಿಂದ ಆಗಂಗಿಲ್ಲ.”

ಫಕೀರಮ್ಮನ ನಾಲಿಗೆಯ ತುದಿಯಲ್ಲಿ ನಿಜವಿತ್ತು. ಅದನ್ನು ಉಚ್ಚರಿಸಿದರೆ ಕಾಲು ಬರುತ್ತದೆ. ಜೊತೆಯವರ ಅನ್ನಕ್ಕೆ ಕುತ್ತು ಬರುತ್ತದೆ. ಉಚ್ಚರಿಸದಿದ್ದರೆ ಹಿತ್ತಿಲಿನ ಆ ಹೊಲಸೇ ಉಳಿದ ಆಯುಷ್ಯ.

“ಎಂಟು ದಿನ ಬಿಡ್ರಿ. ಕೇಳಿ ಬರತೀನಿ.”

“ಯಾರನ್ನ ಕೇಳತೀರಿ?”

“ನನ್ನ ಜೋಡಿ ನಾಟಿ ಹಚ್ಚಿದಾವ್ರನ್ನ.”

ಹನ್ನೊಂದರಲ್ಲಿ ಇಬ್ಬರು ತೀರಿಹೋಗಿದ್ದರು. ಉಳಿದ ಎಂಟು ಮಂದಿಯೆದುರು, ಕಾಲುವೆಯ ಬದುವಿನ ಮೇಲೆ, ಸೊಸೆಯ ತೋಳು ಹಿಡಿದು ನಿಂತು ಫಕೀರಮ್ಮ ನಡೆದದ್ದನ್ನೆಲ್ಲ ಹೇಳಿದಳು. ಪಾಯಿಖಾನೆಯಲ್ಲಿ ಬಿದ್ದದ್ದನ್ನೂ ಹೇಳಿದಳು. ಎಲ್ಲರಿಗಿಂತ ಮೊದಲು ಸಿಡಿದವಳು ರಾಜಾಬೀ. ಕಾಗದದಲ್ಲಿ ಅವಳಿಗೂ ಎಪ್ಪತ್ತೇಳು, ನಿಜಕ್ಕೆ ಅರವತ್ತು. ಉಳಿದವರೆಲ್ಲ ಈ ಹನ್ನೆರಡು ವರ್ಷಗಳಲ್ಲಿ ಅರವತ್ತೈದನ್ನು ನಿಜವಾಗಿಯೇ ದಾಟಿದ್ದರು. ಕಳೆದುಕೊಳ್ಳುವವಳು ಅವಳೊಬ್ಬಳೇ.

“ನಿನ್ನ ಕಾಲಿನ ಸಲುವಾಗಿ ನನ್ನ ಅನ್ನದಾಗ ಮಣ್ಣು ಹಾಕ್ತಿಯೇನ?”

“ನಿನ್ನ ಹೆಸರು ನನ್ನ ಬಾಯಾಗ ಬರಂಗಿಲ್ಲ ರಾಜಾ. ನನ್ನ ವಯಸ್ಸಷ್ಟ ಹೇಳತೀನಿ.”

“ಹುಚ್ಚಿ! ಎಲ್ಲಾರೂ ಒಂದ ದಿನ ಹುಟ್ಟೀವಿ. ಒಂದು ದಾರ ಹಿರದ್ರ ಕೌದಿನ ಬಿಚ್ಚತೈತಿ. ಅವತ್ತು ಗಿಡದ ಕೆಳಗ ಯಾಕ ಬಾಯಿ ಮುಚಗೊಂಡಿದ್ದಿ ಮತ್ತ?”

“ನೀವೆಲ್ಲಾರೂ ಬಗ್ಗಿದ್ರಿ, ನಾನೂ ಬಗ್ಗಿದೆ. ಈಗ ನನಗ ಬಗ್ಗಾಕ ಬರಂಗಿಲ್ಲವಾ.”

ಎಂಬತ್ತರ ಮುದುಕಮ್ಮ ತಂಬಾಕು ಉಗುಳಿ ಎದ್ದಳು. “ಆಕೀ ಕಾಲು ಆಕೀವು. ಕೇಳಿದ್ದ ದೊಡ್ಡದು. ಹೋಗವಾ, ಹೇಳು.” ರಾಜಾಬೀ ಸೆರಗು ಕೊಡವಿಕೊಂಡು, ಯಾರ ಕಡೆಗೂ ನೋಡದೆ ಹೊರಟುಹೋದಳು.

ಎಂಟನೆಯ ದಿನ ಫಕೀರಮ್ಮ ಕೊಪ್ಪಳದಲ್ಲಿ ತನ್ನ ವಯಸ್ಸನ್ನು ಹೇಳಿದಳು: ಅರವತ್ತಾರು. ವೈದ್ಯರು ಎರಡು ವಯಸ್ಸನ್ನೂ ಬರೆದು, ಎರಡರಲ್ಲಿ ಯಾವುದಾದರೂ ಶಸ್ತ್ರಕ್ರಿಯೆಗೆ ಅಡ್ಡಿಯಲ್ಲವೆಂದು ಕೆಳಗೆ ಸಹಿ ಮಾಡಿದರು. ಹಲ್ಲು ಕೀಳಿಸಿ, ಹುಣ್ಣು ಮಾಯುವಷ್ಟರಲ್ಲಿ ಎರಡು ತಿಂಗಳಾಯಿತು. ರಾಜಾಬೀ ಅಂಜಿದಂತೆಯೇ ಆಯಿತು. ಮಂಜೂರಿ ಆಫೀಸಿಗೆ ಹೋದ ಕಾಗದದ ಬೆನ್ನು ಹಿಡಿದು ಮಾಸಾಶನದ ವಿಚಾರಣೆಗೆ ಬಂದವರು ಆ ವಿಚಿತ್ರವಾದ ಜನವರಿ ಒಂದನ್ನು ಕಂಡು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಎಂಟು ಮಂದಿಯ ಮಾಸಾಶನ ಉಳಿಯಿತು, ರಾಜಾಬೀಯದು ನಿಂತಿತು. ಹನುಮೇಶನ ಸಹಿ ಯಾವ ಕಾಗದದಲ್ಲಿಯೂ ಇರಲಿಲ್ಲ. ಹೆಬ್ಬೆಟ್ಟುಗಳೆಲ್ಲ ಹೆಂಗಸರವು. ಆತನನ್ನು ಯಾರೂ ಏನೂ ಕೇಳಲಿಲ್ಲ. ಬಡವಳ ಬೆರಳಿನ ಮಸಿಯನ್ನು ಕಾಣುವ ಕಣ್ಣಿಗೆ, ಆ ಬೆರಳನ್ನು ಹಿಡಿದು ಒತ್ತಿಸಿದ ಉಂಗುರದ ಕೈ ಕಾಣಲಿಲ್ಲ. ಥೂ ಎನ್ನುವುದಲ್ಲದೆ ಇದಕ್ಕೆ ಬೇರೆ ವ್ಯಾಖ್ಯಾನವಿಲ್ಲ.

ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಬಲಗಾಲಿನ ಕೀಲು ಬದಲಾಯಿತು. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಮೂರನೆಯ ದಿನ ಆಕೆ ನಾಲ್ಕು ಕಾಲಿನ ಊರುಗೋಲು ಹಿಡಿದು ವಾರ್ಡಿನ ನಡುವೆ ಹೆಜ್ಜೆಯಿಡುತ್ತಿದ್ದಾಗ ಬಾಗಿಲಲ್ಲಿ ರಾಜಾಬೀ ಕಾಣಿಸಿಕೊಂಡಳು. ಸೊಂಟಕ್ಕೆ ಕೈಯಿಟ್ಟು, ಇಡೀ ವಾರ್ಡು ತಿರುಗಿ ನೋಡುವಂತೆ ಬೈಯತೊಡಗಿದಳು.

“ಹಾಳಾದಾಕೀನ, ನಿನ್ನ ಮೊಳಕಾಲಿಗೆ ಬೆಂಕಿ ಹಾಕ! ಎಪ್ಪತ್ತೇಳರಾಕಿ ಅಂತ ಸೊಸ್ತ್ಯಾರು ಬಿಸಿನೀರು ಕಾಸಿ ಕೊಡತಿದ್ರು. ಒಂದ ದಿನದಾಗ ಹದಿನೇಳು ವರ್ಷ ಸಣ್ಣಾಕಿ ಮಾಡಿದಿ. ಈಗ ‘ಅತ್ತಿ, ನಿನಗ ಬರೇ ಅರವತ್ತು, ನೀನ ಕಾಸ್ಕೋ’ ಅಂತಾರ!”

“ಛಲೋ ಆತಲ್ಲ. ಇನ್ನೊಂದು ಮದುವಿ ಆಗು.”

“ಆಗತೀನಿ. ನಿನ್ನ ಕುಣಿಸೂ ಸಲುವಾಗಿ ಆಗತೀನಿ. ಎಲ್ಲಿ, ನಡದು ತೋರ್ಸು.”

ಫಕೀರಮ್ಮ ನಡೆದು ತೋರಿಸಿದಳು. ರಾಜಾಬೀ ಬೈಯುತ್ತಲೇ ಪಕ್ಕಕ್ಕೆ ಬಂದು, ಮುಟ್ಟದೆ, ಆದರೆ ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ ಕೈಚಾಚಿಕೊಂಡು ಕೊನೆಯವರೆಗೂ ನಡೆದಳು. ಸಿಟ್ಟು ತೀರಿತೆಂದಲ್ಲ, ಅದು ಇಂದಿಗೂ ಪೂರ್ತಿ ತೀರಿಲ್ಲ. ಅಂದೇ ಅವಳು ತನ್ನ ಮೊಣಕಾಲನ್ನೂ ವೈದ್ಯರಿಗೆ ತೋರಿಸಿದಳು. “ಇದು ಇನ್ನೂ ಅರ್ಧ ಸವೆದಿಲ್ಲ, ಈಗ ಕತ್ತರಿ ಬ್ಯಾಡ” ಎಂದು ಅವರು ವ್ಯಾಯಾಮ ಹೇಳಿಕೊಟ್ಟರು. ವಯಸ್ಸು ನೋಡಿ ಅಲ್ಲ, ಮೂಳೆ ನೋಡಿ ಹೇಳಿದರು. ನಾಲ್ಕು ವರ್ಷದ ಮೇಲೆ, ನಿಜವಾದ ಅರವತ್ತೈದು ತುಂಬಿದಾಗ, ರಾಜಾಬೀ ಯಾವ ದಲ್ಲಾಳಿ ಇಲ್ಲದೆ ತಾನೇ ಅರ್ಜಿ ಕೊಟ್ಟು ಮಾಸಾಶನವನ್ನು ಪಡೆದಳು.

ಫಕೀರಮ್ಮ ಮನೆಗೆ ಮರಳುವ ಮುನ್ನ ಗಾಳೇಶ, ಹೆಂಡತಿಯ ಮಾತಿಗೆ ತಲೆಬಾಗಿ, ಹಿತ್ತಿಲಿನಲ್ಲಿ ಕುರ್ಚಿಯಂತೆ ಕೂಡುವ ಪಾಯಿಖಾನೆಯನ್ನು ಕಟ್ಟಿಸಿದ್ದ. ಹೊಸ ಕೀಲಿನವರು ಕುಕ್ಕುರುಗಾಲಿನಲ್ಲಿ ಕೂಡಬಾರದು, ಕೆಸರಿನ ನಾಟಿಗೆ ಮತ್ತೆ ಇಳಿಯಬಾರದು. ನಾಟಿ ಬಿಡುವುದು ಆಕೆಗೆ ದುಃಖವಾಯಿತು. ಸುಳ್ಳಾಡುವುದೇಕೆ, ಬಹಳ ದುಃಖವಾಯಿತು. ಆದರೆ ಎರಡು ಹೊತ್ತೂ ರೊಟ್ಟಿ ಉಂಡಳು.

ಮಾರ್ಚಿನ ಮೊದಲ ವಾರದಲ್ಲಿ ಹನುಮೇಶ ಬಂದ. ಕೈಯಲ್ಲಿ ಚೆಂಡುಹೂವಿನ ಹಾರ, ಹಿಂದೆ ಕ್ಯಾಮೆರಾ ಹಿಡಿದ ಒಬ್ಬ, ಸುರುಳಿ ಸುತ್ತಿದ ಬ್ಯಾನರು. ಅದರಲ್ಲಿ ಮುಂದಿನ ಶಿಬಿರದ ದಿನಾಂಕದ ಜೊತೆಗೆ ಅವನ ನಗುಮುಖವೂ ಇತ್ತು. ಫಕೀರಮ್ಮ ಅಂಗಳದ ಆಚೆ ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದಳು.

“ಯಮ್ಮಾ, ನೀ ಕುಂತಲ್ಲೇ ಕುಂದ್ರು. ಒಂದು ಫೋಟೋ ಅಷ್ಟ. ‘ನಮ್ಮ ಶಿಬಿರದಿಂದ ಎದ್ದು ನಿಂತಾಕಿ’ ಅಂತ ಹಾಕ್ತೀವಿ. ಎಪ್ಪತ್ತೇಳು ಅಂತ ಬರದ್ರ ಮಂದಿ ಇನ್ನೂ ಭಾಳ ನಂಬತಾರ.”

ಮನುಷ್ಯನ ನಾಚಿಕೆಗೆ ತಳವಿದೆಯೆಂದು ತಿಳಿದವರಿಗೆ ಆ ಮಾತು ಪಾಠವಾಗಬೇಕು. ಒಳಗಿನಿಂದ ಸುರೇಖಾ ಹಿಟ್ಟಿನ ಕೈಯಲ್ಲಿಯೇ ಓಡಿಬಂದಳು. ಫಕೀರಮ್ಮ ಅವಳನ್ನು ಕೈಸನ್ನೆಯಿಂದ ತಡೆದಳು. ಕುರ್ಚಿಯ ಹಿಡಿಕೆಯನ್ನು ಮುಟ್ಟದೆ ಎದ್ದಳು. ಊರುಗೋಲು ಗೋಡೆಗೆ ಒರಗಿತ್ತು, ಅದನ್ನು ಅಲ್ಲಿಯೇ ಬಿಟ್ಟಳು. ಬಾಗಿದ ಎಡಗಾಲನ್ನು ನೆಟ್ಟಗಾದ ಬಲಗಾಲಿನ ಜೊತೆಗೆ ಎಳೆಯುತ್ತ, ಪಡಸಾಲೆ ಇಳಿದು, ಅಂಗಳ ದಾಟಿ, ತಲೆಬಾಗಿಲಿನವರೆಗೆ ಒಂದೊಂದೇ ಹೆಜ್ಜೆ ನಡೆದಳು. ಅವಳು ಹತ್ತಿರ ಬಂದಷ್ಟೂ ಹನುಮೇಶ ಹಿಂದಕ್ಕೆ ಸರಿದ. ಕೊನೆಗೆ ಹೊಸ್ತಿಲಿನ ಹೊರಗಿದ್ದ.

“ನನಗ ಅರವತ್ತಾರು” ಎಂದಳು. “ಹಾರ ನಿನ್ನ ಕೊರಳಿಗೆ ಹಾಕ್ಕೋ. ಹೋಗು.”

ಬಾಗಿಲನ್ನು ತಾನೇ ಮುಚ್ಚಿ, ಅಗಳಿ ಹಾಕಿ, ತಾನೇ ಹಿಂದಿರುಗಿ ನಡೆದಳು. ಆ ತಿಂಗಳ ಕೊನೆಗೆ ಊರೂರುಗಳೇ ಬಾಗಿಲು ಮುಚ್ಚಿದ್ದರಿಂದ ಎಡಗಾಲಿನ ಶಸ್ತ್ರಕ್ರಿಯೆ ಮುಂದಕ್ಕೆ ಹೋಗಿ, ಎರಡು ಸಾವಿರದ ಇಪ್ಪತ್ತೆರಡರಲ್ಲಿ, ಆಕೆಯ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ನೆರವೇರಿತು. ಈಗ ಎರಡು ಕಾಲೂ ನೆಟ್ಟಗಿವೆ. ಗುರುವಾರ ಗದ್ದುಗೆಗೆ ಹೋಗುವಾಗ ಯಾರ ಕೈಯನ್ನೂ ಬೇಡುವುದಿಲ್ಲ.

ಆ ತಾಯಿಯ ನಡೆ ತಡವರಿಸದಿರಲಿ. ಆಕೆಯನ್ನು ಹೊತ್ತ ಕೀಲು ಆಕೆಯ ಆಯುಷ್ಯಕ್ಕಿಂತ ಒಂದು ದಿನವಾದರೂ ಹೆಚ್ಚು ಬಾಳಲಿ. ಸೊಸೆ ಸುರೇಖಾಳ ನಡು ಗಟ್ಟಿಯಾಗಿರಲಿ, ನಾಲಿಗೆ ಹೀಗೆಯೇ ಹರಿತವಾಗಿರಲಿ. ಗಾಳೇಶನಿಗೆ ಇನ್ನೂ ಸ್ವಲ್ಪ ಬುದ್ಧಿ ಬರಲಿ. ಆ ಮನೆಯಲ್ಲಿ ಹುಟ್ಟುವ ಕೂಸುಗಳ ದಿನವನ್ನು ಹುಟ್ಟಿದಂದೇ ಸರಿಯಾಗಿ ಬರೆಯುವ ಕೈ ದೊರೆಯಲಿ. ಸತ್ಯವನ್ನು ಹೇಳಿದವಳ ಒಲೆಯ ಮೇಲೆ ರೊಟ್ಟಿಯನ್ನೂ, ಅದನ್ನು ಹಂಚಿ ತಿನ್ನುವ ಮಂದಿಯನ್ನೂ ಭಗವಂತನು ಎಂದೆಂದಿಗೂ ಕಡಿಮೆ ಮಾಡದಿರಲಿ.